ಸಂಕದ ಹಾಡಿನ ನಾಲ್ಕು ಸೆಕೆಂಡು

ಕುಚ್ಚಲಕ್ಕಿ ಗಂಜಿ ಬಸಿಯುವ ವಾಸನೆ ಊರಿನ ಉಳಿದ ಮನೆಗಳಲ್ಲಿ ಎಂಟು ಗಂಟೆಗೆ ಏಳುತ್ತಿದ್ದರೆ, ವೇಣೂರಿನ ನಮ್ಮ ಮನೆಯಲ್ಲಿ ಸಂಜೆ ಐದಕ್ಕೇ ಏಳುತ್ತಿತ್ತು. ಆ ವಾಸನೆ ಬಂತೆಂದರೆ ಆಟ ಮುಗಿಯಿತು. ಗೆಳತಿಯರು ನಗುತ್ತಿದ್ದರು. ನಾವು ಜೈನರು, ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ.

ಮದುವೆಯಾಗಿ ಮೂಡುಬಿದಿರೆಗೆ ಬಂದ ಮೇಲೂ ಅದೇ ಪದ್ಧತಿ. ಅಡುಗೆ ನನ್ನದು, ಕರೆಯುವುದು ಮಾತ್ರ ನನ್ನ ಗಂಡ ಭುಜಬಲಿಯವರದ್ದು. ಅಡುಗೆಮನೆಯ ಬಾಗಿಲಲ್ಲಿ ನಿಂತು ದಿನವೂ ತುಳುವಿನಲ್ಲಿ ಒಂದೇ ಮಾತು: "ಪೊರ್ತು ಕಂತುಂಡು, ಒಣಸ್‌ಗ್ ಬಲೆ." ಹೊತ್ತು ಮುಳುಗುತ್ತಿದೆ, ಊಟಕ್ಕೆ ಬನ್ನಿ. ಮನೆಯಲ್ಲಿ ನಾನೊಬ್ಬಳೇ ಇದ್ದರೂ ಹತ್ತು ಜನರನ್ನು ಕರೆಯುವ ಹಾಗೆ ಕೊನೆಯ 'ಬಲೆ'ಯನ್ನು ಎಳೆಯುತ್ತಿದ್ದರು.

ಅವರು ಹೋಗಿ ಮೂರು ವರ್ಷವಾಯಿತು. ಫೋಟೋಗಳು ಬೇಕಾದಷ್ಟು ಉಂಟು. ಸ್ವರ ಇಲ್ಲ. ವಾಟ್ಸಾಪಿನಲ್ಲಿ ಮಾತಾಡಿ ಕಳಿಸುವ ಅಭ್ಯಾಸ ಅವರಿಗಿರಲಿಲ್ಲ. ಅವರ ಸ್ವರ ಧ್ವನಿಮುದ್ರಣವಾದದ್ದು ನನಗೆ ಗೊತ್ತಿದ್ದಂತೆ ಒಂದೇ ಸಲ, ಅದೂ ಬೇರೆಯವರ ಹಾಡಿನ ನಡುವೆ.

ನಾನು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದೆ. ಎರಡು ಸಾವಿರದ ಹನ್ನೊಂದರಲ್ಲಿ ನನ್ನ ನಾಲ್ಕು ಮಂದಿ ವಿದ್ಯಾರ್ಥಿಗಳು 'ಗೂಡಂಗಡಿ' ಎಂದು ಹೆಸರಿಟ್ಟುಕೊಂಡು ಒಂದು ರಾಕ್ ಬ್ಯಾಂಡ್ ಕಟ್ಟಿದರು. ಕಂಪನಿ, ಸ್ಟುಡಿಯೊ ಏನೂ ಇಲ್ಲ. ನಮ್ಮ ಮನೆಯ ಹಿಂದಿನ ಕೋಣೆಯ ಕಿಟಕಿಗಳಿಗೆ ಹಾಸಿಗೆ ಒರಗಿಸಿ, ಗಿಟಾರ್ ನುಡಿಸುವ ಅಜ್ಮಲನ ಕಂಪ್ಯೂಟರಿಗೆ ಮೈಕ್ ಜೋಡಿಸಿ ಹಾಡಿದರು. ರಂಜಾನ್ ತಿಂಗಳು. ಹಾಡುವ ಇರ್ಷಾದ್ ಉಪವಾಸವಿದ್ದ. ಹಾಡು ಸಂಕದ್ದು, ತೋಡು ದಾಟುವ ಕಾಲುಸೇತುವೆಯದ್ದು.

"ಸಂಕದ ಆಚೆ ನೀನುಂಟು, ಈಚೆ ನಾನುಂಟು, ನಡುವೆ ನೀರುಂಟು" ಎಂದು ಅವನು ಹಾಡಿದ್ದಷ್ಟೇ, ನನ್ನ ಗಂಡ ಬಾಗಿಲು ದೂಡಿ ತಮ್ಮ ದಿನದ ಮಾತು ಕೂಗಿದರು. ಇರ್ಷಾದ್ ನಿಂತ. ಗಿಟಾರಿನ ತಂತಿಯ ಮೇಲೆ ಅಜ್ಮಲನ ಬೆರಳು ನಿಂತಿತು. ಮತ್ತೆ ಇರ್ಷಾದ್ ನಗುವನ್ನು ನುಂಗಿಕೊಂಡೇ ಮುಂದಿನ ಸಾಲು ಹಾಡಿದ: "ಕರೆದರೆ ಬರುತ್ತೇನೆ."

ಆಮೇಲೆ ಹನ್ನೊಂದು ಸಲ ಹಾಡಿದರೂ ಅಷ್ಟು ಚೆನ್ನಾಗಿ ಬರಲಿಲ್ಲವಂತೆ. ಆ ಮೊದಲಿನದ್ದನ್ನೇ ಇಂಟರ್‌ನೆಟ್ಟಿಗೆ ಹಾಕಿದರು. ಇವರ ಸ್ವರ ಅಳಿಸಿದ ಜಾಗದಲ್ಲಿ ನಾಲ್ಕು ಸೆಕೆಂಡು ಮೌನ.

ಆ ಸಂಜೆ ಉಳಿದ ಮೂವರು ನಮ್ಮೊಂದಿಗೆ ಉಂಡರು. ನಮ್ಮ ಒಲೆ ಆರುವ ಹೊತ್ತಿಗೇ ಇರ್ಷಾದನ ಊಟ ಶುರು. ಅವನದ್ದನ್ನು ಸ್ಟೀಲ್ ಡಬ್ಬಿಗೆ ಹಾಕಿ ಕಳಿಸಿದೆ.

ಬ್ಯಾಂಡ್ ಮಾಡಿದ್ದು ಅದೊಂದೇ ಹಾಡು. ಹಾಡು ಮಾತ್ರ ಹೋದಲ್ಲೆಲ್ಲ ಬೆಳೆಯಿತು. ಈಗ ಅದನ್ನು ಬೇರೆಯವರು ಹಾಡಿದ ನಲವತ್ತಮೂರು ಕವರ್‌ಗಳು ಉಂಟು. ನನ್ನ ಅಣ್ಣನ ಮೊಮ್ಮಗಳು ಅನಿಷಾ ಬೆಳ್ತಂಗಡಿಯಿಂದ ಹೊಸದು ಬಂದ ಹಾಗೆ ಕಳಿಸುತ್ತಾಳೆ. ಎಲ್ಲವನ್ನೂ ಕೇಳಿದ್ದೇನೆ. ಬಂಟ್ವಾಳದ ಫಿದಾ ಎಂಬ ಹುಡುಗಿ ಪುಟ್ಟ ವಾದ್ಯ ಹಿಡಿದು ಹಾಡಿದ್ದು ಸಕ್ಕರೆ ಹೆಚ್ಚಾದ ಪಾಯಸದ ಹಾಗೆ, ಆದರೂ ನೀರು ಎನ್ನುವಾಗ ಅವಳ ಸ್ವರ ನಿಜವಾಗಿ ನಡುಗುತ್ತದೆ. ಧಾರವಾಡದವರದ್ದು ಡ್ರಮ್ ಜಾಸ್ತಿ, ಸಂಕವೇ ಮುರಿದು ಬೀಳಬೇಕು. ಧರ್ಮಸ್ಥಳದ ಲಾಡ್ಜೊಂದರ ಕೌಂಟರಿನಲ್ಲಿ ಕೂತು ಹಾಡಿದ ಒಬ್ಬರದ್ದು ನನಗೆ ಇಷ್ಟ. ನಡುವೆ ಯಾರೋ ರೂಮಿನ ಕೀಲಿ ಕೇಳುತ್ತಾರೆ, ಇವರು ಹಾಡು ನಿಲ್ಲಿಸದೆ ಕೊಡುತ್ತಾರೆ.

ಎಲ್ಲರೂ ತಪ್ಪದೆ ಆ ನಾಲ್ಕು ಸೆಕೆಂಡು ನಿಲ್ಲುತ್ತಾರೆ. ಕೆಳಗೆ ಜನ ಬರೆಯುತ್ತಾರೆ: ಈ ಮೌನವೇ ಹಾಡಿನ ಜೀವ. ನಲವತ್ತಮೂರು ಮಂದಿ ನನ್ನ ಗಂಡನಿಗಾಗಿ ಜಾಗ ಬಿಟ್ಟು ಕಾಯುತ್ತಿದ್ದಾರೆ, ಅವರಿಗೇ ಗೊತ್ತಿಲ್ಲ.

"ಅಜ್ಜಿ, ಯಾರಿಗೆ ಫಸ್ಟ್ ಪ್ರೈಸ್?" ಎಂದು ಅನಿಷಾ ಒಂದು ದಿನ ಫೋನಿನಲ್ಲಿ ಕೆಣಕಿದಳು. ನಾನು ಆ ಸಂಜೆಯ ಕತೆ ಹೇಳಿದೆ.

"ಅಳಿಸುವ ಮೊದಲಿನದ್ದು ಯಾರ ಹತ್ತಿರವಾದರೂ ಇರಬಹುದಲ್ಲ ಅಜ್ಜಿ? ಕೇಳಿ ನೋಡಿ. ಹಾಡಿದವರು ಸಿದ್ಧಕಟ್ಟೆಯಲ್ಲೇ ಇದ್ದಾರಂತೆ."

ಮರುದಿನವೇ ಬಸ್ ಹತ್ತಿದೆ. ಹದಿನೈದು ವರ್ಷದ ಮೇಲೆ, ಅದೂ ಮತ್ತೆ ರಂಜಾನಿನಲ್ಲಿ. ಕಂಡಕ್ಟರ್ ನಾನು ಕೂರುವವರೆಗೆ ಸೀಟಿ ಊದಲಿಲ್ಲ.

ಇರ್ಷಾದನದ್ದು ಈಗ ಮೈಕ್ ಸೆಟ್ ಬಾಡಿಗೆಗೆ ಕೊಡುವ ಅಂಗಡಿ, ಹಿಂದೆಯೇ ಮನೆ. ಅವನು ಎಲ್ಲಿಗೋ ಸ್ಪೀಕರ್ ಇಳಿಸಲು ಹೋಗಿದ್ದ. ನಾನು ಊರು ಹೇಳಿದ್ದೇ ತಡ, ಅವನ ಹೆಂಡತಿ ಫರ್ಹಾನ ಕುರ್ಚಿಯನ್ನು ಫ್ಯಾನಿನ ಕೆಳಗೆ ಎಳೆದು ಹಾಕಿದಳು.

"ಮೂಡುಬಿದಿರೆಯ ಮೇಡಮ್ ಅಲ್ವಾ? ಇವರು ನಿಮ್ಮ ಮನೆಯ ವಿಷಯ ಹೇಳ್ತಾ ಇರ್ತಾರೆ. ಹಿಂದೆ ಹೋಗುವುದು ಎಷ್ಟು ಗಂಟೆಯ ಬಸ್ಸಿಗೆ?"

"ಆರೂವರೆಯದ್ದಕ್ಕೆ."

ಅವಳು ಗೋಡೆಯ ಗಡಿಯಾರ ನೋಡಿ ಒಳಗೆ ಹೋದಳು. ಆ ಬಸ್ಸಿನಲ್ಲಿ ಮನೆ ಸೇರುವಾಗ ಕತ್ತಲಾಗಿರುತ್ತದೆ. ಒಂದು ದಿನ ಉಣ್ಣದಿದ್ದರೆ ಏನೂ ಆಗುವುದಿಲ್ಲ ಎಂದು ನಾನು ಹೊರಡುವಾಗಲೇ ನಿಶ್ಚಯಿಸಿದ್ದೆ.

ಇರ್ಷಾದ್ ಐದೂವರೆಗೆ ಬಂದ. ಗಡ್ಡ ಅಲ್ಲಲ್ಲಿ ನರೆತಿತ್ತು. ನನ್ನನ್ನು ನೋಡಿ ಕೈಯಲ್ಲಿದ್ದ ವೈರಿನ ಸುರುಳಿಯನ್ನು ಬಾಗಿಲಲ್ಲೇ ಬಿಟ್ಟ.

"ಮೇಡಮ್! ಒಂದು ಫೋನ್ ಮಾಡಿದ್ದರೆ ನಾನೇ ಬರ್ತಿದ್ದೆನಲ್ಲ."

ಬಂದ ಕಾರಣ ಹೇಳಿದೆ. ಅವನು ಎದುರಿನ ಸ್ಪೀಕರ್ ಪೆಟ್ಟಿಗೆಯ ಮೇಲೆ ಕುಳಿತ.

"ಇಲ್ಲ ಮೇಡಮ್," ಎಂದ. "ಅಂಕಲ್‌ನ ಸ್ವರ ತೆಗೆದದ್ದು ನಾನೇ. ಕೇಳಿದವರು ನಗಾಡಿಯಾರು, ಅಂಕಲ್‌ಗೆ ಮರ್ಯಾದೆ ಅಲ್ಲ ಅಂತ ಕಂಡಿತು. ಬೇರೆ ಕಾಪಿ ಇಟ್ಟುಕೊಳ್ಳುವ ಬುದ್ಧಿ ಇರಲಿಲ್ಲ. ಅಜ್ಮಲನ ಕಂಪ್ಯೂಟರೂ ಗುಜರಿಗೆ ಹೋಯ್ತು."

"ಪರವಾಗಿಲ್ಲ," ಎಂದೆ. "ನೀನು ಮರ್ಯಾದೆಗೆ ಮಾಡಿದ್ದಲ್ಲವಾ?"

ಹೇಳಿದೆನೇ ಹೊರತು ಕಣ್ಣೆತ್ತಲಾಗಲಿಲ್ಲ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಆ ಕೊನೆಯ 'ಬಲೆ'ಗೆ ಕಿವಿ ಸಿದ್ಧ ಮಾಡಿಕೊಂಡು ಬಂದಿದ್ದೆ. ಅವನು ಫ್ಯಾನಿನ ವೇಗ ಕಡಿಮೆ ಮಾಡಿದ.

ಅಷ್ಟರಲ್ಲಿ ಒಬ್ಬರು ಹಿರಿಯರು ಬಂದರು. ಅಬ್ದುಲ್ ವಹಾಬ್ ಅಂತ, ಹಾಲಿನ ಸೊಸೈಟಿಯ ಮೀಟಿಂಗಿಗೆ ಮೈಕ್ ಬೇಕಿತ್ತು. "ಹೋದ ಸಲದ ಹಾಗೆ ಕೊರಕೊರ ಅನ್ನುವುದು ಕೊಡಬೇಡ ಮಾರಾಯ. ಅಧ್ಯಕ್ಷರ ಭಾಷಣ ಕಪ್ಪೆ ಕೂಗಿದ ಹಾಗೆ ಕೇಳಿತು."

"ಅದು ಮೈಕಿನ ತಪ್ಪಲ್ಲ ಕಾಕ," ಎಂದು ಇರ್ಷಾದ್ ಎದ್ದ. ವೈರ್ ಸಿಕ್ಕಿಸಿದ, ಗುಂಡಿ ತಿರುಗಿಸಿದ, ಮೈಕನ್ನು ಬಾಯಿಯ ಹತ್ತಿರ ತಂದ. ಮೈಕ್ ಪರೀಕ್ಷಿಸುವವರು ಹಲೋ ಹಲೋ ಎನ್ನುತ್ತಾರೆ, ಒನ್ ಟೂ ತ್ರೀ ಎನ್ನುತ್ತಾರೆ. ಇರ್ಷಾದ್ ಎಂದ:

"ಪೊರ್ತು ಕಂತುಂಡು, ಒಣಸ್‌ಗ್ ಬಲೇ..."

ಸ್ಪೀಕರಿನಿಂದ ಅದು ಅಂಗಡಿ ದಾಟಿ ರಸ್ತೆಯವರೆಗೆ ಹೋಯಿತು. ನನ್ನ ಕೈ ಕುರ್ಚಿಯ ತೋಳನ್ನು ಹಿಡಿಯಿತು.

"ನೋಡಿ ಅಮ್ಮ," ಅಬ್ದುಲ್ ವಹಾಬರು ನನ್ನ ಕಡೆ ತಿರುಗಿದರು. "ಹದಿನೈದು ವರ್ಷದಿಂದ ಮೈಕ್ ಹಿಡಿದು ಊರಿಗೆಲ್ಲ ಊಟಕ್ಕೆ ಕರೀತಾನೆ. ಒಂದು ತುತ್ತು ಹಾಕಿದವನಲ್ಲ. ಉಪವಾಸ ಅಂತಲೂ ನೋಡುವುದಿಲ್ಲ!"

ಇರ್ಷಾದ್ ನನ್ನ ಮುಖ ನೋಡಿದ, ಮೈಕ್ ಇಳಿಸಿದ. "ನನಗೇ ಮರೆತುಹೋಗಿತ್ತು ಮೇಡಮ್, ಇದು ಯಾರ ಮಾತು ಅಂತ. ಬಾಯಿಗೆ ಬರ್ತದೆ, ಹೇಳ್ತೇನೆ."

"ಇನ್ನೊಮ್ಮೆ ಹೇಳು," ಎಂದೆ.

ಈ ಸಲ ಅವನು ತಿಳಿದು ಹೇಳಿದ, ಅಷ್ಟು ಚೆನ್ನಾಗಿರಲಿಲ್ಲ. 'ಪೊರ್ತು' ಸ್ವಲ್ಪ ಮೇಲಾಯಿತು. ನನ್ನ ಗಂಡನದ್ದು ಎದೆಯಿಂದ ಬರುತ್ತಿತ್ತು, ಇವನದ್ದು ಗಂಟಲಿನಿಂದ. ಆದರೆ ಕೊನೆಯ ಎಳೆತ, ಮನೆ ತುಂಬ ಜನ ಇದ್ದಾರೆಂದು ನಂಬಿದ ಆ ಎಳೆತ, ಅವರದ್ದೇ. ನಲವತ್ತಮೂರು ಮಂದಿಯಲ್ಲಿ ಒಬ್ಬರಿಗೂ ಸಿಗದಿದ್ದದ್ದು.

"ಫಸ್ಟ್ ಪ್ರೈಸ್ ಮೊದಲ ಸಲ ಹೇಳಿದ್ದಕ್ಕೆ," ಎಂದೆ. ಇರ್ಷಾದನಿಗೆ ಅರ್ಥವಾಗಲಿಲ್ಲ, ಆದರೂ ನಕ್ಕ. ಆ ನಗು ಹಾಡಿನಲ್ಲಿರುವ ನಗುವೇ.

ಅಬ್ದುಲ್ ವಹಾಬರು ಮೈಕ್ ಎತ್ತಿಕೊಂಡು ಹೋದರು. ರಸ್ತೆಯಾಚೆ ಬಿಸಿಲು ಕೆಂಪಾಗಿತ್ತು. ಆರು ಗಂಟೆ ದಾಟಿತ್ತು, ಹೊತ್ತು ಇನ್ನೂ ಮುಳುಗಿರಲಿಲ್ಲ. ನಾನು ಚೀಲ ತೆಗೆದುಕೊಂಡು ಏಳುವಾಗ ಫರ್ಹಾನ ಒಳಗಿನಿಂದ ಬಂದಳು, ಸೆರಗಿನಲ್ಲಿ ಹಿಡಿದ ಒಂದು ಸ್ಟೀಲ್ ಡಬ್ಬಿಯೊಂದಿಗೆ. ಮುಚ್ಚಳದ ಮೇಲೆ ಚುಕ್ಕೆಚುಕ್ಕೆಯಾಗಿ ಕೊರೆದ ಹೆಸರು: ಎಂ. ಭುಜಬಲಿ.

"ನಿಮ್ಮದೇ ಮೇಡಮ್. ಖಾಲಿ ಡಬ್ಬಿ ಹೇಗೆ ಹಿಂದೆ ಕೊಡುವುದು ಅಂತ ಇವರು ಇಟ್ಟುಕೊಂಡೇ ಬಾಕಿ," ಎಂದು ಅವಳು ಮೆಲ್ಲಗೆ ಹೇಳಿದಳು. "ಇಷ್ಟು ವರ್ಷ ಈ ಡಬ್ಬಿಯಲ್ಲಿ ಸಕ್ಕರೆ ಬಿಟ್ಟು ಬೇರೆ ಏನೂ ಹಾಕಿಟ್ಟಿಲ್ಲ, ಮೀನು ಮಾಂಸ ಸೋಕಿಲ್ಲ. ಈಗ ಗಂಜಿ, ಅಲಸಂಡೆ ಪಲ್ಯ ಉಂಟು. ನೀರುಳ್ಳಿ, ಬಟಾಟೆ ಇಲ್ಲ."

ಮುಚ್ಚಳದ ಸಂದಿಯಿಂದ ಕುಚ್ಚಲಕ್ಕಿಯ ಬಿಸಿ ವಾಸನೆ ಬಂತು. ಇರ್ಷಾದ್ ಹೊರಗೆ ಹೋಗಿ, ಬಸ್ ಬಂದರೆ ನಿಲ್ಲಿಸಲು ರಸ್ತೆಯ ಅಂಚಿನಲ್ಲಿ ನಿಂತ. ಬೆಳಗಿನಿಂದ ನೀರು ಮುಟ್ಟದ ಫರ್ಹಾನ ಡಬ್ಬಿಯನ್ನೂ ಚಮಚವನ್ನೂ ನನ್ನ ಕೈಗೆ ಕೊಟ್ಟು, ಕುರ್ಚಿಯನ್ನು ಬೆಳಕಿನ ಕಡೆಗೆ ತಿರುಗಿಸಿದಳು.