ನಾಲ್ಕನೇ ಗೇಟಿನ ಸತ್ತವರು

ಈ ಸಲವೂ ನನಗೆ ಸಾಯುವ ಕೆಲಸವೇ ಸಿಕ್ಕಿತು.

ಗಾಯಗೊಳ್ಳುವ ಕೆಲಸ ಕೊಡಿ ಎಂದು ಕೇಳಿದ್ದೆ. ಗಾಯಗೊಂಡವರಿಗೆ ವಡಾಪಾವ್ ಮತ್ತು ಚಹಾ, ಸತ್ತವರಿಗೆ ಬರೀ ಚಹಾ. ಗಾಯಗೊಂಡವರು ಕಿರುಚಬೇಕು, ಕುಂಟಬೇಕು, ಸ್ಟ್ರೆಚರ್ ಮೇಲೆ ನರಳಬೇಕು, ಅದು ದುಡಿಮೆ. ಸತ್ತವರದ್ದೇನು?

“ಮಲಗುವುದಕ್ಕೆ ಎಂಥ ವಡಾಪಾವ್ ಮಾರಾಯ?” ಎಂದ ಗುತ್ತಿಗೆದಾರ ಧನರಾಜಣ್ಣ. “ಮನೆಯಲ್ಲಿ ಮಲಗಿದರೆ ಹೆಂಡತಿ ಕೊಡ್ತಾಳಾ?”

ಅವನು ಒಂದು ಸಲ ಮಲಗಿ ನೋಡಬೇಕಿತ್ತು. ಮೇ ತಿಂಗಳ ಬಿಸಿಲಿಗೆ ಗ್ಯಾಲರಿಯ ಸಿಮೆಂಟು ದೋಸೆ ಕಾವಲಿಯ ಹಾಗೆ ಕಾಯುತ್ತದೆ. ಸತ್ತವರು ಅದರ ಮೇಲೆ ಬೆನ್ನು ಹಚ್ಚಿ, ಕಾಗೆ ಬಂದು ಕೂತರೂ ಅಲುಗಾಡದೆ ಬಿದ್ದಿರಬೇಕು. ಬೆವರು ಕಣ್ಣಿಗಿಳಿದರೆ ಒರೆಸುವಂತಿಲ್ಲ. ಹೋದ ವರ್ಷ ನಾನು ಮೂಗು ತುರಿಸಿಕೊಂಡೆನೆಂದು ಚಹಾವನ್ನೂ ತಪ್ಪಿಸಿದ್ದ.

ನಾನು ಪೂವಪ್ಪ. ಮಾಟುಂಗದ ಹೋಟೆಲಿನಲ್ಲಿ ತಟ್ಟೆ ಎತ್ತುತ್ತಿದ್ದವನು, ಈಗ ಈ ಫುಟ್‌ಬಾಲ್ ಮೈದಾನದ ಕ್ಯಾಂಟೀನಿನಲ್ಲಿ ಚಹಾ ಕಾಯಿಸುತ್ತೇನೆ. ಹಿಂದೆ ಇಲ್ಲಿಯ ಗ್ಯಾಲರಿ ಮರದ್ದಾಗಿತ್ತು. ಹಲಗೆಗಳ ಅಡಿಯಲ್ಲಿ ಹಳೆಯ ಬ್ಯಾನರು, ರಟ್ಟು, ಕಸ. ಒಂದು ಫೈನಲ್ ದಿನ ಗೋಲು ಬಿದ್ದ ಖುಷಿಗೆ ಯಾರೋ ಪಟಾಕಿ ಹಚ್ಚಿದರು. ಕಿಡಿ ಸಂದಿಯಿಂದ ಕೆಳಗಿಳಿಯಿತು. ಹೊಗೆ ಬಂದಾಗಲೂ ಜನ ನಗುತ್ತಾ ಆಟ ನೋಡುತ್ತಿದ್ದರು. ಬೆಂಕಿ ಕಂಡಾಗ ಎಲ್ಲರೂ ನಾಲ್ಕನೇ ಗೇಟಿಗೆ ಓಡಿದರು. ಟಿಕೆಟ್ ಇಲ್ಲದವರು ನುಗ್ಗುತ್ತಾರೆಂದು ಅದಕ್ಕೆ ಬೀಗ ಹಾಕಿದ್ದರು.

ಆ ಗೇಟಿನ ಬುಡದಲ್ಲಿ ಸತ್ತವರಲ್ಲಿ ಶೇಂಗಾ ಮಾರುತ್ತಿದ್ದ ಶಿವಪುತ್ರಪ್ಪನೂ ಒಬ್ಬ. ವಿಜಯಪುರದ ಕಡೆಯವನು. ಅವನ ಹೆಂಡತಿ ರಾಚವ್ವ ಈಗ ಇದೇ ಗ್ಯಾಲರಿ ಗುಡಿಸುತ್ತಾಳೆ, ಇದೇ ಧನರಾಜಣ್ಣನ ಕೈಕೆಳಗೆ.

ದೊಡ್ಡವರು ಪಾಠ ಕಲಿತರು. ಪ್ರತಿ ವರ್ಷ ಆ ದಿನ ಮೈಕಿನಲ್ಲಿ ಹಾಗಂತ ಅವರೇ ಹೇಳುತ್ತಾರೆ. ಮರದ ಗ್ಯಾಲರಿ ಹೋಗಿ ಸಿಮೆಂಟಿನದು ಬಂತು. ಸತ್ತವರ ಹೆಸರಿನ ಬ್ಯಾನರು ಬಂತು, ಅದಕ್ಕೆ ಚೆಂಡುಹೂವಿನ ಹಾರ ಬಂತು. ಸುರಕ್ಷತೆಯ ಅಣಕು ಕಾರ್ಯಾಚರಣೆ ಬಂತು. ಬ್ಯಾನರನ್ನು ನಾಲ್ಕನೇ ಗೇಟಿಗೇ ಕಟ್ಟುತ್ತಾರೆ. ಬೀಗ ಅದರ ಹಿಂದೆ ಹಾಗೆಯೇ ಇದೆ.

ಕಾರ್ಯಾಚರಣೆ ನೋಡಲು ಚೆನ್ನ. ಸೈರನ್ ಕೂಗುತ್ತದೆ. ಡಬ್ಬಿಯಿಂದ ಕೆಂಪು ಹೊಗೆ ಬರುತ್ತದೆ. ಎಲ್ಲರೂ ಎರಡನೇ ಗೇಟಿನಿಂದ ಸಾಲಾಗಿ, ನಾಚಿಕೊಂಡು ಓಡುತ್ತಾರೆ. ನಾಲ್ಕನೇ ಗೇಟಿನ ಕಡೆ ಮಾತ್ರ ಯಾರೂ ಹೋಗುವುದಿಲ್ಲ. ಯಾಕೆಂದರೆ ಆ ಗೇಟಿನ ಹತ್ತಿರದವರೆಲ್ಲ ಸೈರನ್ ಕೂಗುವ ಮೊದಲೇ ಸತ್ತಿರುತ್ತಾರೆ. ಅವರೇ ನಾವು.

ಹಿಂದೊಮ್ಮೆ ನಾನು ಸುರಕ್ಷತೆಯ ಸಾಹೇಬರನ್ನು ಕೇಳಿಯೂ ಇದ್ದೆ, ಆ ಗೇಟು ತೆಗೆಯಬಾರದೇ ಎಂದು. ಅವರು ನನ್ನ ಬುದ್ಧಿಗೆ ಮರುಗಿದರು.

“ಅರೇ, ಜೋ ಮರ್ ಗಯಾ ಉಸ್ಕೋ ಗೇಟ್ ಕಾಯ್ಕೋ?”

ಸತ್ತವನಿಗೆ ಗೇಟು ಯಾಕೆ. ಮಾತು ಸರಿಯೇ. ಆದರೆ ಆ ಗಂಟಲಿಗೆ ನಮ್ಮ ಚಹಾ ಹೇಗೆ ಇಳಿಯುತ್ತದೋ ನನಗೆ ಅರ್ಥವಾಗುವುದಿಲ್ಲ.

ಈ ವರ್ಷ ಬೆಳಿಗ್ಗೆ ಕಾರ್ಯಾಚರಣೆ, ಸಂಜೆ ಅದೇ ಗ್ಯಾಲರಿಯಲ್ಲಿ ಫೈನಲ್ ಮ್ಯಾಚು. ರಾಚವ್ವ ನನ್ನ ಪಕ್ಕದಲ್ಲೇ ಸತ್ತಿದ್ದಳು. ಬಿಳಿ ಚಾದರವನ್ನು ಗಲ್ಲದ ತನಕ ಎಳೆದುಕೊಂಡು ಪಿಸುಗುಟ್ಟಿದಳು.

“ಪೂವಣ್ಣ, ಸಂಜೀಕ ನಮ್ಮ ರೂಪಾಲಿ ಮ್ಯಾಚ್ ನೋಡಾಕ ಬರತಾಳ.”

“ಅಪ್ಪ ಹೋದ ಮೇಲೆ ಈ ಕಡೆ ತಲೆ ಹಾಕಿರಲಿಲ್ಲ ಅಲ್ವಾ ಮಗಳು?”

“ಗೆಳತ್ಯಾರು ಕರದಾರ. ಟಿಕೇಟ್ ತಗೊಂಡಾಳ. ನೀ ಮಕ್ಕೊಂಡೀಯಲ್ಲ, ಇದ ಜಾಗಾ.”

ನಾನು ಕಣ್ಣು ಮಾತ್ರ ಹೊರಳಿಸಿ ನಾಲ್ಕನೇ ಗೇಟಿನ ಬ್ಯಾನರು ನೋಡಿದೆ.

“ಬೀಗಾ ತಗಸ್ರಿ ಅಂತ ನಿನ್ನೆ ಧನರಾಜ ಧಣ್ಯಾರಿಗೆ ಹೇಳೇನಿ. ಮುಂದಿನ ವರ್ಷ ನೋಡೂಣು ಅಂದ್ರು.”

“ನೀನೇನಂದೆ?”

“ಕೆಲಸಾ ಹೋಗತೈತಿ ಅಂತ ಬಾಯಿ ಮುಚಗೊಂಡು ಬಂದೆ. ರಾತ್ರಿಯೆಲ್ಲಾ ನಿದ್ದಿ ಬರಲಿಲ್ಲ.”

“ಸತ್ತವರು ಮಾತಾಡಬೇಡಿ,” ಎಂದು ಧನರಾಜಣ್ಣ ಕೆಳಗಿನಿಂದ ಗದರಿದ.

ಕಾರ್ಯಾಚರಣೆ ಮುಗಿಯಿತೆಂದು ಸೀಟಿ ಊದಿದರು. ಚಪ್ಪಾಳೆಯಾಯಿತು. ಸಾಹೇಬರು ಮೈಕಿನಲ್ಲಿ ಪಾಠ ಕಲಿತರು. ಸತ್ತವರು ಎದ್ದು ಚಾದರ ಮಡಿಸಿಕೊಡಬೇಕೆಂಬ ಅಪ್ಪಣೆಯೂ ಬಂತು. ಎಲ್ಲರಿಗಿಂತ ಮೊದಲು ಮುದುಕ ಶೆಟ್ಟೆಪ್ಪ ಎದ್ದು ಚಹಾದ ಹತ್ತಿರ ಹೋದ. ಅವನೂ ಕಸ ಗುಡಿಸುವವನೇ. ಸತ್ತಾಗ ನಿಜವಾಗಿಯೂ ಗೊರಕೆ ಹೊಡೆಯುವುದು ಅವನ ಅಭ್ಯಾಸ. ನಾನೂ ಅರ್ಧ ಎದ್ದೆ. ರಾಚವ್ವ ಏಳಲಿಲ್ಲ.

“ರಾಚವ್ವ, ಮುಗೀತು. ಏಳು,” ಎಂದ ಧನರಾಜಣ್ಣ.

“ನಾ ಸತ್ತೀನ್ರಿ.”

“ಅದು ಗೊತ್ತುಂಟು. ಈಗ ಏಳು.”

“ಸತ್ತಾವ್ರು ಹೆಂಗ ಏಳತಾರ್ರೀ? ನಮ್ಮನ್ಯಾವ್ರು ಎದ್ದು ಬಂದಾರೇನು?”

ನಾನು ಮತ್ತೆ ಮಲಗಿದೆ. ಧೈರ್ಯದಿಂದೇನಲ್ಲ, ಅವಳೊಬ್ಬಳನ್ನೇ ಅಲ್ಲಿ ಬಿಟ್ಟು ಚಹಾ ಕುಡಿಯುವ ಮುಖ ನನಗಿರಲಿಲ್ಲ. ಶೆಟ್ಟೆಪ್ಪ ಒಮ್ಮೆ ನಮ್ಮನ್ನು ನೋಡಿದ, ಒಮ್ಮೆ ಗ್ಲಾಸನ್ನು ನೋಡಿದ, ಚಹಾವನ್ನು ಒಂದೇ ಗುಟುಕಿಗೆ ಮುಗಿಸಿ ಬಂದು ಸತ್ತ.

“ಏನಾಗಬೇಕು ನಿಮಗೆ?” ಎಂದ ಧನರಾಜಣ್ಣ.

“ಬೀಗಾ ತಗೀರಿ,” ಎಂದಳು ರಾಚವ್ವ, ಕಣ್ಣು ಮುಚ್ಚಿಕೊಂಡೇ.

“ನಾಳೆಯಿಂದ ಯಾರೂ ಕೆಲಸಕ್ಕೆ ಬರುವುದು ಬೇಡ.”

“ಸತ್ತ ಮೇಲೆ ಯಾರು ಬರ್ತಾರೆ ಧನರಾಜಣ್ಣ?” ಎಂದೆ ನಾನು. ಎಷ್ಟೋ ವರ್ಷದಿಂದ ನುಂಗಿಕೊಂಡಿದ್ದ ಸಿಟ್ಟು ಅದು. ಮಲಗಿದ್ದಾಗ ಹೇಳುವುದು ಸುಲಭ.

ಗಾಯಗೊಂಡವರ ಗುಂಪಿನಲ್ಲಿ ಟಿಕೆಟ್ ಹರಿಯುವ ವೈಶಾಲಿ ಇದ್ದಳು. ತಲೆಗೆ ಬ್ಯಾಂಡೇಜು, ಕೈಯಲ್ಲಿ ವಡಾಪಾವ್. ಕುಂಟುತ್ತಾ ಬಂದು ನನ್ನ ಕಾಲ ಬುಡದಲ್ಲಿ ಉರುಳಿದಳು.

“ಮೈ ಭೀ ಮರ್ ಗಯೀ.”

ಅವಳ ಹಿಂದೆ ಗಾಯಗೊಂಡವರೆಲ್ಲ ಒಬ್ಬೊಬ್ಬರಾಗಿ ಪ್ರಾಣ ಬಿಟ್ಟರು. ಸ್ಟ್ರೆಚರ್ ಹೊತ್ತವರೂ ಅದನ್ನು ಕೆಳಗಿಟ್ಟು ಸತ್ತರು. ಸಾಹೇಬರು “ಉಠಾ, ಉಠಾ” ಎಂದು ಏಳುವಂತೆ ಮರಾಠಿಯಲ್ಲಿ ಬೇಡಿದರು, ಹಿಂದಿಯಲ್ಲಿ ಬೈದರು. ಧನರಾಜಣ್ಣ ಬುಟ್ಟಿ ತರಿಸಿ, ಸತ್ತವರಿಗೂ ವಡಾಪಾವ್ ಉಂಟೆಂದು ಸಾರಿದ. ಶೆಟ್ಟೆಪ್ಪ ಚಾದರದೊಳಗಿಂದ ಕೈ ಚಾಚಿ ಒಂದು ತೆಗೆದುಕೊಂಡ. ಚಾದರ ಸ್ವಲ್ಪ ಹೊತ್ತು ಅಲುಗಾಡಿತು.

“ಬೀಗಾ?” ಎಂದಿತು ಚಾದರ.

ಅಷ್ಟರಲ್ಲಿ ಸಂಜೆಯ ಟಿಕೆಟಿಗೆ ಬಂದವರು ಎರಡನೇ ಗೇಟಿನಿಂದ ಇಣುಕಿ, ನಕ್ಕು, ಮೊಬೈಲು ಎತ್ತಿದರು. ಮೊಬೈಲು ಕಂಡಕೂಡಲೇ ಸಾಹೇಬರು ಕೀಲಿಕೈ ಕೇಳಿದರು. ಆಫೀಸಿನವರು ವಾಚ್‌ಮನ್ ಹತ್ತಿರ ಇದೆ ಎಂದರು, ವಾಚ್‌ಮನ್ ಆಫೀಸಿನಲ್ಲಿದೆ ಎಂದ. ಕೊನೆಗೆ ವೆಲ್ಡಿಂಗ್ ಅಂಗಡಿಯವನು ಬಂದು ಕಿಡಿ ಹಾರಿಸುತ್ತಾ ಬೀಗ ಕತ್ತರಿಸಿದ. ನಾವು ಹೋ ಎಂದು ಎದ್ದು ಗೇಟು ಎಳೆದೆವು.

ಗೇಟಿನಾಚೆ ದಾರಿ ಇರಲಿಲ್ಲ. ಧನರಾಜಣ್ಣ ಮದುವೆ ಮನೆಗಳಿಗೆ ಬಾಡಿಗೆಗೆ ಕೊಡುವ ಪ್ಲಾಸ್ಟಿಕ್ ಕುರ್ಚಿಗಳು ಇದ್ದವು. ಕೆಳಗಿನಿಂದ ಮೇಲಿನ ತನಕ, ಗೋಡೆಯಿಂದ ಗೋಡೆಗೆ.

ರಾಚವ್ವ ಅವನ್ನು ನೋಡಿದಳು. ತಿರುಗಿ ಬಂದು, ತನ್ನ ಜಾಗದಲ್ಲಿ ಮಲಗಿ, ಚಾದರ ಎಳೆದುಕೊಂಡಳು. ಈ ಸಲ ನಮಗೆ ಯಾರೂ ಹೇಳಬೇಕಾಗಲಿಲ್ಲ. ಎಲ್ಲರೂ ಒಟ್ಟಿಗೇ ಸತ್ತೆವು.

“ಇದನ್ನು ಎತ್ತಲಿಕ್ಕೆ ಜನ ಎಲ್ಲಿ?” ಎಂದು ಧನರಾಜಣ್ಣ ಕೂಗಿದ.

“ಜನ ಎಲ್ಲ ಸತ್ತು ಹೋಯ್ತು,” ಎಂದಳು ವೈಶಾಲಿ, ತನಗೆ ಬರುವಷ್ಟು ಕನ್ನಡದಲ್ಲಿ.

ಕುರ್ಚಿಗಳನ್ನು ಧನರಾಜಣ್ಣನೇ ಹೊತ್ತ. ಸಾಹೇಬರೂ ಟೈ ಹೆಗಲ ಮೇಲೆ ಹಾಕಿಕೊಂಡು ಹೊತ್ತರು. ಮಲಗಿ ನೋಡಲು ಅಷ್ಟು ಚೆನ್ನಾದ ಕಾರ್ಯಾಚರಣೆ ಇನ್ನೊಂದಿಲ್ಲ.

ದಾರಿ ಖಾಲಿಯಾದ ಮೇಲೆ ರಾಚವ್ವ ಎದ್ದಳು. ಗೇಟು ದಾಟಿ ರಸ್ತೆಯ ತನಕ ನಡೆದಳು. ವಾಪಸ್ ಬಂದಳು. ಮತ್ತೆ ನಡೆದಳು.

“ಬರೇ ಇಷ್ಟ ದೂರ ಇತ್ತಲ್ಲೋ ಪೂವಣ್ಣ,” ಎಂದಳು. “ಆತನಿಗೆ ಇಷ್ಟ ದಾರಿ ಬೇಕಾಗಿತ್ತು.”

ನನಗೆ ಅಳು ತಡೆಯಲಾಗಲಿಲ್ಲ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಗೇಟಿನ ಬಾಗಿಲನ್ನು ತಟ್ಟಿದಳು.

“ಇದು ಇದ್ರ ನಾಳೆ ಮತ್ತ ಬೀಗಾ ತರತಾರ. ಎತ್ರಿ ಇದನ್ನ.”

ಎತ್ತಿದೆವು. ತುಕ್ಕು ಹಿಡಿದ ಬಾಗಿಲು ಕೀಲಿನಿಂದ ಕಳಚಿ ಬಂತು. ಶೆಟ್ಟೆಪ್ಪ ಕತ್ತರಿಸಿದ ಬೀಗವನ್ನು ಅದರ ನಡುವೆ ಮಲಗಿಸಿ, ತನ್ನ ಚಾದರ ಹೊದಿಸಿದ.

“ಎಲ್ಲಿಗೆ ಒಯ್ತೀರಿ ಅದನ್ನು?” ಎಂದು ಧನರಾಜಣ್ಣ ಕುರ್ಚಿಗಳ ನಡುವಿನಿಂದ ಕೇಳಿದ.

“ಮಣ್ಣು ಮಾಡಾಕ,” ಎಂದ ಶೆಟ್ಟೆಪ್ಪ.

ಬಾಗಿಲಿಗೆ ಹೆಗಲು ಕೊಟ್ಟೆವು. ಟಿಕೆಟಿಗೆ ಬಂದವರೂ ಹಿಂದೆ ಸೇರಿಕೊಂಡರು, ಕೆಲವರು ಟೋಪಿ ತೆಗೆದರು. ವೈಶಾಲಿ ಗಾಯಗೊಂಡವಳಾಗಿ ಕಲಿತದ್ದನ್ನೆಲ್ಲ ಸೇರಿಸಿ ಗಟ್ಟಿಯಾಗಿ ಅತ್ತಳು. ರಾಚವ್ವ ಎಲ್ಲರಿಗಿಂತ ಮುಂದೆ ನಡೆದಳು. ಮೆರವಣಿಗೆ ನಾಲ್ಕನೇ ಗೇಟಿನಿಂದಲೇ ಹೊರಗೆ ಹೋಯಿತು.