ಕಾಡಪ್ಪನ ಮುಷ್ಟಿ

ಮತ್ತೊಂದು ತಂಬಿಗೆ ಬಿಸಿನೀರು ಸುರಿದರೂ ಕಾಡಪ್ಪನ ಎಡಗೈ ಮುಷ್ಟಿ ಬಿಡಲಿಲ್ಲ. ತಮ್ಮ ಬಸಲಿಂಗಪ್ಪ ತಂಬಿಗೆ ಕೆಳಗಿಟ್ಟು, ಮಣೆಯ ಮೇಲೆ ಕೂಡಿಸಿದ್ದ ಅಣ್ಣನ ಮುಖ ನೋಡಿದ. ಬದುಕಿದ್ದಾಗಲೂ ಇವನದು ಇದೇ ಗೋಳು, ಹಿಡಿದದ್ದನ್ನು ಬಿಟ್ಟ ಮನುಷ್ಯನೇ ಅಲ್ಲ. ಮುಷ್ಟಿಯೊಳಗೆ ಒಂದು ಮಡಿಸುವ ಚಾಕು ಇತ್ತು. ಹೆಬ್ಬೆರಳಿನ ಬುಡದಲ್ಲಿ ಅದರ ಹಿತ್ತಾಳೆಯ ತುದಿಯಷ್ಟೇ ಕಾಣುತ್ತಿತ್ತು.

ಆ ತುದಿ ಸಂಪಗಾಂವದ ಆ ಓಣಿಗೆಲ್ಲ ಪರಿಚಯ. ಕಾಡಪ್ಪ ಫ್ರಾನ್ಸಿನಿಂದ ತಂದ ಮೊದಲನೆಯ ಚಾಕು ಅದು. ಹಿಡಿಕೆ ಎಲುಬಿನದು.

ಮಣ್ಣಿಗಿಡುವ ಮುಂಚೆ ಎಡಗೈಯಲ್ಲಿ ಇಷ್ಟಲಿಂಗ ಇಡಬೇಕು. ಹೊಲದಲ್ಲಿ ಕುಣಿ ತಯಾರಾಗಿದೆಯೆಂದು ಕಾಡಪ್ಪನ ಮಗ ರಾಯಪ್ಪ ಆಗಲೇ ಹೇಳಿ ಕಳಿಸಿದ್ದ. ಹೊತ್ತು ಮುಳುಗುವುದರೊಳಗೆ ಎಲ್ಲ ಮುಗಿಯಬೇಕು. ಬಲಗೈಯಲ್ಲಿಟ್ಟರೆ ನಡೆಯುವುದಿಲ್ಲವೇ ಎಂದು ಯಾರೋ ಕೇಳಿದರು. ಕ್ರಿಯೆ ಮಾಡಿಸಲು ಬಂದಿದ್ದ ಅಯ್ಯನವರು ತಲೆ ಅಲ್ಲಾಡಿಸಿದರು.

"ಎಲುಬು ಹಿಡದ ಕೈಯಾಗ ಲಿಂಗಾ ಹ್ಯಾಂಗ ಇಡೂದು? ಮೊದಲ ಅದನ್ನ ತಗೀರಿ," ಎಂದರು.

ಬಸಲಿಂಗಪ್ಪ ಬೆರಳುಗಳ ಸಂದಿಯಲ್ಲಿ ತೂರಿಸಿ ಮೀಟಲು ಒಂದು ಕಟ್ಟಿಗೆ ಚಕ್ಕೆ ಹುಡುಕಿಕೊಂಡು ಬಂದ. ಬಾಗಿಲ ಬಳಿ ಹೆಂಗಸರ ನಡುವೆ ಕೂತಿದ್ದ ಕಾಡಪ್ಪನ ಹೆಂಡತಿ ಸುಂದರವ್ವ ಬೆಳಗಿನಿಂದ ಅತ್ತಿರಲಿಲ್ಲ, ಮಾತೂ ಆಡಿರಲಿಲ್ಲ. ಹೆಂಗಸರು ಅದನ್ನೇ ಗುಸುಗುಸು ಆಡಿಕೊಳ್ಳುತ್ತಿದ್ದರು. ಚಕ್ಕೆ ಕಂಡದ್ದೇ ಅವಳು ಎದ್ದು ಬಂದಳು.

"ಬೆರಳ ಮುರೀಬ್ಯಾಡ ಬಸಲಿಂಗ. ನಾ ಬಿಡಸತೇನಿ."

*

ಮೊದಲನೆಯ ಮಹಾಯುದ್ಧ ನಡೆದಾಗ ಕಾಡಪ್ಪ ಮನೆಯಲ್ಲಿ ಹೇಳದೆ ಕೇಳದೆ ಕೂಲಿ ಪಡೆ ಸೇರಿ ಹಡಗು ಹತ್ತಿದ್ದ. ಫ್ರಾನ್ಸಿನ ಅಡವಿಯಲ್ಲಿ ಮರ ಕಡಿಯುವ ಕೆಲಸ. ಅಲ್ಲಿ ಜೊತೆಗೆ ಗರಗಸ ಎಳೆಯುತ್ತಿದ್ದ ಮುದುಕನೊಬ್ಬ ಊಟಕ್ಕೆ ಕೂತಾಗಲೆಲ್ಲ ಕಿಸೆಯಿಂದ ಚಾಕು ತೆಗೆದು ಬಿಚ್ಚುತ್ತಿದ್ದ, ಉಂಡಾದ ಮೇಲೆ ಒರೆಸಿ ಮಡಿಸುತ್ತಿದ್ದ. ಕಾಡಪ್ಪ ಊರಿಗೆ ಹೊರಟಾಗ ಮುದುಕ ಅದನ್ನೇ ಕೊಟ್ಟುಬಿಟ್ಟ. ಹುಚ್ಚು ಹಿಡಿದದ್ದು ಅಲ್ಲಿಂದ.

ಆಮೇಲೆ ಅವನು ಎತ್ತಿನ ಸಂತೆಗೆ ಹೋದರೂ ಬೆಳಗಾವಿಯ ದಂಡಿನ ಕ್ಯಾಂಪಿಗೆ ಹೋಗಿಯೇ ಬರುವವನು. ಹಳೇ ಸಾಮಾನಿನ ಅಂಗಡಿಗಳಲ್ಲಿ, ದಂಡಿನಿಂದ ಬಂದವರ ಟ್ರಂಕುಗಳಲ್ಲಿ ಫ್ರಾನ್ಸಿನ ಚಾಕು ಹುಡುಕಿದ. ಬೆನ್ನ ಮೇಲೆ ಜೇನುನೊಣ ಕೂತಂತಿರುವ ಲಾಯೋಲ್ ಊರಿನ ಕೋಡಿನ ಹಿಡಿಕೆಯದು, ಹಳದಿ ಕಟ್ಟಿಗೆಗೆ ಕಾಸಿದ ಕಬ್ಬಿಣದಿಂದ ಚಿತ್ತಾರ ಸುಟ್ಟದ್ದು, ಆಲಿವ್ ಮರದ್ದು. ಅಲಗಿಗಿಂತ ಹಿಡಿಕೆಯ ಮೇಲೆ ಅವನಿಗೆ ಜೀವ. ಕೈಯಲ್ಲಿ ಉಜ್ಜಿ, ಮೂಸಿ, ಯಾವ ಕಟ್ಟಿಗೆ ಎಂದು ಹೇಳುತ್ತಿದ್ದ. ಸುಳ್ಳೋ ಖರೆಯೋ, ಕೇಳುವವರಿಗೆ ಗೊತ್ತಾಗಬೇಕಲ್ಲ.

ತಾಯಿ ಕೆಂಚವ್ವ ಮಾತ್ರ ಶಿವಪೂಜೆಯ ಮನೆಯೊಳಗೆ ಎಲುಬು, ಕೋಡು ಕೂಡದೆಂದು ಹಟ ಹಿಡಿದಳು. ಕಟ್ಟಿಗೆ ಹಿಡಿಕೆಯವು ಪಡಸಾಲೆಯ ಗೂಡಿನಲ್ಲಿ ಉಳಿದವು, ಎಲುಬು, ಕೋಡಿನವು ದನದ ಕೊಟ್ಟಿಗೆಗೆ ಹೋದವು. ತಾಯಿ ಸತ್ತ ಮೇಲೂ ಆ ಕಟ್ಟಳೆ ಮುರಿಯಲಿಲ್ಲ. ಆ ಮೊದಲನೆಯ ಚಾಕುವಿನಂಥ ಹರಿತದ ಅಲಗು ದನಗಳ ನಡುವೆ ಕೊಳೆಯುತ್ತದೆ, ತನಗೆ ಪಲ್ಯ ಹೆಚ್ಚಲು ಮೊಂಡ ಈಳಿಗೆಯೇ ಗತಿ ಎಂದು ಸುಂದರವ್ವ ಆಡಿಕೊಳ್ಳುತ್ತಿದ್ದಳು.

ಇನ್ನೊಂದು ಕಟ್ಟಳೆ ಕಾಡಪ್ಪನದೇ. ಚಾಕುವನ್ನು ಯಾರ ಕೈಗೂ ಕೊಡುತ್ತಿರಲಿಲ್ಲ. ನೆಲಕ್ಕಿಡುತ್ತಿದ್ದ, ಬೇಕಾದವರು ಎತ್ತಿಕೊಳ್ಳಬೇಕು. ಕೈಯಿಂದ ಕೈಗೆ ಚಾಕು ದಾಟಿದರೆ ಜಗಳ ಬರುತ್ತದೆಂದು ಅವನ ನಂಬಿಕೆ.

"ಐವತ್ತು ವರ್ಷ ನೆಲಕ್ಕ ಇಟ್ರಿ. ಮತ್ತ ನಮ್ಮ ಜಗಳಾ ಎಲ್ಲಿಂದ ಬಂದಾವು?" ಎಂದು ಸುಂದರವ್ವ ಕೆಣಕುತ್ತಿದ್ದಳು.

*

ಕಡೆಯ ಜಗಳ ಲಟ್ಟಣಿಗೆಯದು. ಚಚಡಿಯ ತವರಿನಿಂದ ಅವಳು ತಂದಿದ್ದ ಬೀಟೆಯ ಲಟ್ಟಣಿಗೆ. ಹೊಸ ಸೊಸೆಯಾಗಿದ್ದಾಗ ಒಲೆಯ ಪಕ್ಕ ಮರೆತು, ಒಂದು ಕಡೆ ಎಲೆಯಾಕಾರದಲ್ಲಿ ಸುಟ್ಟು ಕಪ್ಪಾಗಿತ್ತು. ಅತ್ತೆಯ ಕೈಲಿ ಬೈಸಿಕೊಂಡಿದ್ದಳು. ತವರಿನಲ್ಲಿ ಈಗ ಯಾರೂ ಉಳಿದಿರಲಿಲ್ಲ, ಅದೊಂದು ಉಳಿದಿತ್ತು. ಮೊನ್ನೆ ಹೋಳಿಗೆ ಮಾಡುವಾಗ ಅದು ನಡುವೆ ಸೀಳಿತು. ಅವಳು ಕಣ್ಣೀರು ಹಾಕುತ್ತ ತೋರಿಸಿದಾಗ ಕಾಡಪ್ಪ ಒಮ್ಮೆ ನೋಡಿ, ಏನೂ ಅನ್ನದೆ ಎದ್ದು ಹೋಗಿದ್ದ.

"ಯಾರ್ಯಾರದೋ ಚಾಕುವಿಗೆ ಜೀವಾ ಬಿಡತೀರಿ, ನನ್ನದು ಮುರದ್ರ ಒಂದು ಮಾತಿಲ್ಲ," ಎಂದು ಅವಳು ಹೋಳುಗಳನ್ನು ಉರುವಲಿನ ರಾಶಿಗೆ ಎಸೆದಿದ್ದಳು. ಅಂದಿನಿಂದ ಗಂಡನೊಡನೆ ಮಾತು ಬಿಟ್ಟಳು. ಗಂಗಾಳ ತಂದು ಮುಂದಿಡುವಳು, ಮುಖ ತಿರುಗಿಸುವಳು. ಅವನೂ ಉಂಡು ಕೊಟ್ಟಿಗೆಗೆ ಹೋಗುವನು. ಇಂದು ಬೆಳಿಗ್ಗೆ ಅವಳು ಹಾಲು ಹಿಂಡಲು ಹೋದಾಗ ಅವನು ಗೋದಲಿಗೆ ಒರಗಿ ಕೂತಿದ್ದ. ಕಟ್ಟಿಗೆ ಉಜ್ಜುವ ಕಾನಸು ಕಾಲಬಳಿ ಬಿದ್ದಿತ್ತು. ಮಾತು ಬಿಟ್ಟ ಸಿಟ್ಟಿನಲ್ಲೇ ಅವಳು ಕೂಗದೆ ಆಕಳ ಕಡೆ ಹೋಗಿದ್ದಳು. ಹಾಲು ಹಿಂಡಿ ಎದ್ದ ಮೇಲೆ ಅವಳಿಗೆ ತಿಳಿದದ್ದು.

*

ಅವಳು ಮಣೆಯ ಮುಂದೆ ಕೂತು ಮುಷ್ಟಿಯನ್ನು ಮಡಿಲಿಗೆ ತೆಗೆದುಕೊಂಡಳು. ಬಿಸಿನೀರಲ್ಲಿ ಅದ್ದಿದ ಅರಿವೆ ಸುತ್ತಿ ಒತ್ತಿದಳು, ಬಿಚ್ಚಿ ಮತ್ತೆ ಒತ್ತಿದಳು.

"ಬಿಡ್ರಿ," ಎಂದಳು. "ನಾ ಕೇಳಾಕತ್ತೇನಿ. ಮಾತಾಡಾಕತ್ತೇನಲ್ಲ, ಬಿಡ್ರಿ ಇನ್ನ."

ಕಿರುಬೆರಳು ಸಡಿಲಾಯಿತು. ಬಹಳ ಹೊತ್ತಿನ ಮೇಲೆ ಉಳಿದವೂ ಒಂದೊಂದಾಗಿ ಸರಿದವು. ಅಯ್ಯನವರು ಬಗ್ಗಿ ನೋಡಿದರು.

ಎಲುಬು ಇರಲಿಲ್ಲ. ಹಳೆಯ ಅಲಗಿಗೆ ಹೊಸ ಹಿಡಿಕೆ ಕೂಡಿತ್ತು, ಕರಿಗೆಂಪು ಬೀಟೆಯದು. ಒಂದು ಮಗ್ಗುಲು ನುಣುಪಾಗಿತ್ತು, ಇನ್ನೊಂದು ಇನ್ನೂ ಒರಟು. ನುಣುಪಾದ ಮಗ್ಗುಲಿನ ನಡುವೆ ಎಲೆಯಾಕಾರದ ಕಪ್ಪು ಸುಟ್ಟ ಕಲೆ.

ಸುಂದರವ್ವನಿಗೆ ಆಗ ಅಳು ಬಂತು. ಹೆಂಗಸರು ಎದ್ದು ಬಂದು ಹಿಡಿದುಕೊಂಡರು. ಏನೆಂದು ಅವರಿಗೆ ತಿಳಿಯಲಿಲ್ಲ. ಇದು ಅಡಿಗೆ ಮನೆಗೆ ಬರಲೆಂದು ಮಾಡಿದ ಹಿಡಿಕೆ ಎಂಬುದು ಅವಳಿಗೊಬ್ಬಳಿಗೇ ಗೊತ್ತಾಯಿತು. ಒಂದು ಮಾತು ಹೇಳಿದ್ದರೆ ಏನಾಗುತ್ತಿತ್ತು ಈ ಮನುಷ್ಯನಿಗೆ?

ಅವಳು ಚಾಕುವಿಗೆ ಕೈ ಹಾಕಿದಾಗ ಬಸಲಿಂಗಪ್ಪ ತಡೆದ.

"ವೈನಿ, ಕೈಯಿಂದ ಕೈಗೆ ಬ್ಯಾಡ್ರಿ. ನೆಲಕ್ಕ ಬೀಳಿಸಿ ತಗೋರಿ. ಅಣ್ಣಾ ಹಂಗ ಮಾಡತಿದ್ದ."

"ಇನ್ನ ಜಗಳಾಡಾಕ ಯಾರ ಅದಾರೋ," ಎನ್ನುತ್ತ ಸುಂದರವ್ವ ಗಂಡನ ಅಂಗೈಯಿಂದ ಅದನ್ನು ತನ್ನ ಅಂಗೈಗೆ ತೆಗೆದುಕೊಂಡಳು.

ಅಯ್ಯನವರು ಆ ಕೈಯಲ್ಲಿ ಲಿಂಗ ಇಟ್ಟರು. ಬೆರಳುಗಳು ಚಾಕುವಿನ ಅಳತೆಗೇ ಬಾಗಿ ನಿಂತಿದ್ದವು, ಲಿಂಗ ನಿಲ್ಲಲಿಲ್ಲ. ಕಡೆಗೆ ಬಿಳಿ ಅರಿವೆಯಿಂದ ಕಟ್ಟಿದರು.

ಹೊತ್ತು ಮುಳುಗುವ ಮುಂಚೆ ಮಣ್ಣಾಯಿತು. ಜನ ಹೊಲದಿಂದ ಬಂದು ಕಾಲು ತೊಳೆದು ಪಡಸಾಲೆಯಲ್ಲಿ ಕೂತರು. ಒಲೆ ಹಚ್ಚದ ಮನೆಗೆ ನೆರೆಮನೆಯ ಬಾಯವ್ವ ರೊಟ್ಟಿ, ಝುಣಕ ತಂದಿದ್ದಳು. ಉಳ್ಳಾಗಡ್ಡಿ ಹೆಚ್ಚಲು ಏನಾದರೂ ಇದೆಯೇ ಎಂದು ಕೈ ಚಾಚಿದಳು.

ಸುಂದರವ್ವ ಸೆರಗಿನಿಂದ ಚಾಕು ತೆಗೆದು ಬಿಚ್ಚಿದಳು. ಚಾಚಿದ ಆ ಕೈಯನ್ನು ನೋಡಿದಳು. ಆಮೇಲೆ ಚಾಕುವನ್ನು ನೆಲದ ಮೇಲಿಟ್ಟು, ಬಾಯವ್ವ ಎತ್ತಿಕೊಳ್ಳಲೆಂದು ತನ್ನ ಕೈ ಹಿಂದಕ್ಕೆ ತೆಗೆದಳು.