ಹುಲ್ಲಿನ ಬಿಸಿಲು

ಜುಲೈ ಅರ್ಧ ಕಳೆದರೂ ಆ ವರ್ಷ ಕಣಿವೆಯಲ್ಲಿ ಮೊದಲ ಕೊಯ್ಲಿನ ಹುಲ್ಲು ಕೊಟ್ಟಿಗೆ ಸೇರಿರಲಿಲ್ಲ. ಬೆಳಿಗ್ಗೆ ಬಿಸಿಲು ಬಂದ ಹಾಗೆ ಮಾಡುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಶಿಖರದ ಬಂಡೆಗಳ ಹಿಂದಿನಿಂದ ಮೋಡ ಎದ್ದು, ಕೊಯ್ದು ಹರವಿದ್ದನ್ನೆಲ್ಲ ತೋಯಿಸಿ ಹೋಗುತ್ತಿತ್ತು. ಆಫ್ರಾ ಮನೆಯ ಕೆಳಗಿನ ಹೊಲದಲ್ಲಿ ನಿಂತು, ಆಗಲೇ ಎರಡು ಸಲ ಮಗುಚಿದ್ದ ಹುಲ್ಲನ್ನು ಮರದ ಹಲ್ಲುಗಳ ಹಲುಬೆಯಿಂದ ಮತ್ತೆ ಮಗುಚುತ್ತಿದ್ದಳು. ಅಡಿಯದು ಹಳದಿ ತಿರುಗಿ ಮುಗ್ಗಲು ವಾಸನೆ ಹೊಡೆಯುತ್ತಿತ್ತು. ಇದನ್ನು ಹಸು ಮೂಸಿ ಮುಖ ತಿರುಗಿಸುತ್ತದೆ ಎಂದು ಗೊತ್ತಿದ್ದೂ ಮಗುಚುತ್ತಿದ್ದಳು.

ಕೆಳಗಿನ ರಸ್ತೆಯಲ್ಲಿ ಸರೋವರದ ಬಸ್ಸುಗಳು ಒಂದರ ಹಿಂದೊಂದು ಏರುತ್ತಿದ್ದವು. ಮೂಲೆಯ ಫಲಕದ ಮೇಲೆ ಜರ್ಮನ್‌ನಲ್ಲೊಂದು, ಇಟಾಲಿಯನ್‌ನಲ್ಲೊಂದು ಉದ್ದನೆಯ ಹೆಸರು ಬರೆದಿದ್ದರೂ ಕಣಿವೆಯವರಿಗೆ ಅದು ಬರೀ ಸರೋವರ. ಬಸ್ಸು ಕಾಡಿನ ಅಂಚಿನವರೆಗೆ ಬಿಡುತ್ತದೆ. ಅಲ್ಲಿಂದ ಮುಂದೆ ನಡೆದೇ ಹತ್ತಬೇಕು. ಲೋಕದ ಜನವೆಲ್ಲ ಹತ್ತಿ, ದಡದಲ್ಲಿ ನಿಂತು ಫೋಟೋ ತೆಗೆಸಿಕೊಂಡು ಇಳಿಯುತ್ತಾರೆ. ಆಫ್ರಾ ಹುಡುಗಿಯಾಗಿದ್ದಾಗ ಅಕ್ಕ ಬುರ್ಗಾಳ ಜೊತೆ ಅದೇ ದಡದಲ್ಲಿ ಮೇಕೆ ಕಾದವಳು. ಅವರಪ್ಪನ ಬೇಸಿಗೆಯ ಗುಡಿಸಲು ಅಲ್ಲೇ ಮೇಲಿತ್ತು. ಮದುವೆಯಾಗಿ ಗುಡ್ಡದ ಈ ಮಗ್ಗುಲಿಗೆ ಬಂದಮೇಲೆ ಅವಳು ಒಂದು ಸಲವೂ ಅತ್ತ ಹೋಗಿರಲಿಲ್ಲ.

ಏಪ್ರನ್ನಿನ ಜೇಬಿನಲ್ಲಿ ಫೋನು ಅಲುಗಿತು. ಬುರ್ಗಾ. ಪಟ್ಟಣದ ಕನ್ಯಾಮಠದಿಂದ.

"ಬುಧವಾರಕ್ಕೆ ಸಿಕ್ತು ಕಣೆ. ಇಬ್ಬರಿಗೂ ಸರೋವರದ ಬಸ್ಸಲ್ಲಿ ಜಾಗ. ಮದರ್ ಕೈಲಿ ರಜೆನೂ ಹೇಳಿಸ್ಕೊಂಡೆ."

"ಬುಧವಾರ ಮಳೆ ಬಂದ್ರೆ?"

"ಬಂದ್ರೆ ನೆನೆಯೋಣ. ಚಿಕ್ಕವರಿದ್ದಾಗ ನೆಂದಿಲ್ವಾ?"

"ಮಳೆ ಬರದಿದ್ರೆ?"

"ಮಳೆ ಬರದಿದ್ರೆ ಏನು ಗತಿ ಅಂತ ಕೇಳೋಳು ಈ ಭೂಮಿ ಮೇಲೆ ನೀನೊಬ್ಬಳೇ ಇರಬೇಕು."

ಬುರ್ಗಾಗೂ ಗೊತ್ತಿಲ್ಲದ್ದೇನಲ್ಲ. ಸರೋವರಕ್ಕೆ ಹೋಗಲು ಒಳ್ಳೆಯ ದಿನವೇ ಹುಲ್ಲು ಒಣಗಿಸಲೂ ಒಳ್ಳೆಯ ದಿನ. ಮಳೆ ಬಿದ್ದ ದಿನ ರೈತನಿಗೆ ಬಿಡುವು, ಆದರೆ ಜಾರುವ ಕಲ್ಲುದಾರಿಯಲ್ಲಿ ಮಂಜಿನೊಳಗೆ ಹೋಗಿ ನೋಡುವುದೇನು? ಹಾಗೆಂದೇ ಪ್ರತಿ ವರ್ಷ ಇಬ್ಬರೂ ಲೆಕ್ಕ ಹಾಕುವುದು, ಪ್ರತಿ ವರ್ಷ ಏನಾದರೊಂದು ಅಡ್ಡ ಬರುವುದು. ಒಮ್ಮೆ ಹಸು ಕರು ಹಾಕಲು ಒದ್ದಾಡಿತು. ಒಮ್ಮೆ ಮಠದಲ್ಲಿ ಯಾರೋ ವೃದ್ಧೆ ತೀರಿಕೊಂಡರು. ಕಳೆದ ವರ್ಷ ಆಫ್ರಾಳ ಗಂಡ ಕಾಸಿಯಾನ್ ಹುಲ್ಲಟ್ಟದಿಂದ ಬಿದ್ದು ಹೆಗಲ ಮೂಳೆ ಮುರಿದುಕೊಂಡ. ಈ ವರ್ಷ ಮುಂದೂಡುವ ಹಾಗಿರಲಿಲ್ಲ. ಚಳಿ ಶುರುವಾಗುವ ಮೊದಲು ಬುರ್ಗಾಳ ಸೊಂಟದ ಕೀಲು ಬದಲಿಸುತ್ತಾರೆ. ಆಮೇಲೆ ಅವಳನ್ನು ಬಯಲುಸೀಮೆಯಲ್ಲಿ ವಯಸ್ಸಾದ ಸನ್ಯಾಸಿನಿಯರಿಗೆಂದೇ ಇರುವ ಮನೆಗೆ ಕಳಿಸುತ್ತಾರೆ. ಇನ್ನು ಗುಡ್ಡ ಹತ್ತುವ ಆಸೆ ಬಿಡಿ ಎಂದು ಡಾಕ್ಟರು ಆಗಲೇ ಹೇಳಿದ್ದರು.

"ಬರ್ತೀನಿ ಅಕ್ಕ. ಏನಾದ್ರೂ ಆಗಲಿ, ಬುಧವಾರ ಬರ್ತೀನಿ," ಎಂದಳು ಆಫ್ರಾ.

ಸೋಮವಾರ ಸಂಜೆ ರೇಡಿಯೋ ಹೇಳಿತು: ಎರಡು ದಿನ ಒಣ ಹವೆ, ಗುರುವಾರ ಆಲಿಕಲ್ಲು ಮಳೆ. ಹೇಳಿ ಮುಗಿಸುವಷ್ಟರಲ್ಲಿ ಎದುರು ದಿಣ್ಣೆಯಿಂದ ಟಿಣ್, ಟಿಣ್ ಎಂದು ಸದ್ದು ಕೇಳಿತು. ರೊಮೇಡ್ ತನ್ನ ಉದ್ದ ಹಿಡಿಯ ಕುಡುಗೋಲಿನ ಅಲಗನ್ನು ಬಡಿದು ತೆಳ್ಳಗೆ ಮಾಡುತ್ತಿದ್ದ.

ಕಾಸಿಯಾನ್ ಸೂಪಿನ ಚಮಚ ಕೆಳಗಿಟ್ಟ. "ನಾಳೆ ಕೊಯ್ತಾನೆ. ಬುಧವಾರ ಒಳಗೆ ಹಾಕ್ತಾನೆ."

"ನನಗೂ ಕಿವಿ ಇದೆ," ಎಂದಳು ಆಫ್ರಾ.

ರೊಮೇಡ್‌ಗೆ ವಯಸ್ಸಾಗಿತ್ತು. ಹೆಂಡತಿ ಸತ್ತಮೇಲೆ ಒಂಟಿ. ಅವನ ಹೊಲ ಮನೆಯ ಚಾವಣಿಯ ಹಾಗೆ ಕಡಿದಾದ ಇಳಿಜಾರು, ಅಲ್ಲಿ ಯಂತ್ರ ನಿಲ್ಲುವುದಿಲ್ಲ. ಕಳೆದ ವರ್ಷ ಕಾಸಿಯಾನ್ ಕೈಯನ್ನು ಕೊರಳಿಗೆ ಕಟ್ಟಿಕೊಂಡು ಕೂತಿದ್ದಾಗ ಇದೇ ರೊಮೇಡ್ ಕರೆಯದೆ ಬಂದು, ಇವರ ಮೇಲಿನ ಇಳಿಜಾರನ್ನು ಪೂರ್ತಿ ಕೊಯ್ದು, ಒಣಗಿಸಿ, ಹೊತ್ತು ತಂದು ಅಟ್ಟಕ್ಕೆ ತುಂಬಿದ್ದ. ಅದಕ್ಕೆ ದುಡ್ಡು ಕೊಡುವ ಪದ್ಧತಿ ಅಲ್ಲಿಲ್ಲ. ದಿನಕ್ಕೆ ದಿನವೇ ತೀರಬೇಕು. ಬಾ ಎಂದು ಯಾರೂ ಕರೆಯುವುದೂ ಇಲ್ಲ. ಎದುರು ದಿಣ್ಣೆಯಲ್ಲಿ ಹುಲ್ಲು ಮಲಗಿದ್ದು ಕಂಡರೆ ಹಲುಬೆ ಹೆಗಲಿಗೇರಿಸಿ ಹೋಗಬೇಕು. ಹೋಗದವನಿಗೆ ಯಾರೂ ಏನೂ ಅನ್ನುವುದಿಲ್ಲ. ಭಾನುವಾರ ಪೂಜೆ ಮುಗಿದಮೇಲೆ ಚರ್ಚಿನ ಗೋಡೆಯ ಹತ್ತಿರ ನಿಂತವರು ಅವನು ಬರುತ್ತಲೇ ಆಡುತ್ತಿದ್ದ ಮಾತು ಬಿಟ್ಟು ಹವೆಯ ಮಾತು ಶುರುಮಾಡುತ್ತಾರೆ, ಅಷ್ಟೇ.

"ನಾನು ಹೋಗ್ತೀನಿ ಬುಧವಾರ. ನೀನು ಅಕ್ಕನ ಜೊತೆ ಹೋಗು," ಎಂದ ಕಾಸಿಯಾನ್.

"ಆ ಕೈ ಎತ್ತು ನೋಡೋಣ."

ಕಾಸಿಯಾನ್ ಎತ್ತಿದ. ಕಿವಿಯ ಮಟ್ಟಕ್ಕೆ ಬಂದು ನಿಂತಿತು.

"ಅದರಲ್ಲಿ ಹುಲ್ಲಿನ ಹೊರೆ ಹೊರ್ತೀಯಾ? ಆ ಇಳಿಜಾರಲ್ಲಿ? ಇನ್ನೊಂದು ಸಲ ಬಿದ್ದು ಇನ್ನೊಂದು ವರ್ಷದ ಋಣ ತಲೆ ಮೇಲೆ ತರ್ತೀಯಾ?" ಅವಳು ತಟ್ಟೆಗಳನ್ನು ಬೇಕಾದ್ದಕ್ಕಿಂತ ಜೋರಾಗಿ ಒಂದರ ಮೇಲೊಂದು ಇಟ್ಟಳು.

ಮಂಗಳವಾರ ಬೆಳಿಗ್ಗೆ ಅವಳು ಬಸ್ಸಿನವರಿಗೆ ಫೋನು ಮಾಡಿದಳು. ಸಂಗೀತ ಕೇಳಿಸಿ ಕೇಳಿಸಿ ಕೊನೆಗೊಬ್ಬ ಹೆಂಗಸು ಸಿಕ್ಕಿ, ಸೆಪ್ಟೆಂಬರ್‌ವರೆಗೆ ಎಲ್ಲ ತುಂಬಿದೆ, ದಿನ ಬದಲಿಸಲು ಬರುವುದಿಲ್ಲ ಎಂದಳು.

"ಅಮ್ಮಾ, ನಾವು ಇದೇ ಕಣಿವೆಯವರು," ಎಂದಳು ಆಫ್ರಾ.

"ಕಣಿವೆಯವರಿಗೂ ಅದೇ ನಿಯಮ ಮೇಡಂ."

ಬುರ್ಗಾಳ ರಜೆಯೂ ಬದಲಾಗುವಂತಿರಲಿಲ್ಲ. ಮಠದ ಅಡುಗೆಮನೆಯಲ್ಲಿ ಆ ಒಂದು ದಿನಕ್ಕೆಂದು ಇನ್ನೊಬ್ಬಳನ್ನು ಹಾಕಿ ಆಗಿತ್ತು. ಉಳಿದ ದಾರಿ ಒಂದೇ, ಕಣಿವೆಯಲ್ಲಿ ಯಾರೂ ಮಾಡದ ಕೆಲಸ. ರೊಮೇಡ್‌ನ ಹತ್ತಿರ ಬಾಯಿಬಿಟ್ಟು ವಾಯಿದೆ ಕೇಳುವುದು. ಸಂಜೆ ತಮ್ಮ ಕೆಳಗಿನ ಹೊಲದ ಹುಲ್ಲು ಒಳಗೆ ಹಾಕಿ, ಹಾಲು ಕರೆದು ಮುಗಿಸಿ, ಒಂದು ತುಂಡು ಬೆಣ್ಣೆ ಎಲೆಯಲ್ಲಿ ಸುತ್ತಿಕೊಂಡು ಎದುರು ದಿಣ್ಣೆ ಹತ್ತಿದಳು. ಕೊಯ್ದ ಹುಲ್ಲು ಇಳಿಜಾರಿನ ತುಂಬ ಸಾಲುಸಾಲಾಗಿ ಬಿದ್ದಿತ್ತು. ರೊಮೇಡ್ ಬಾಗಿಲ ಬೆಂಚಿನ ಮೇಲೆ ಕೂತು ಬೂಟು ಬಿಚ್ಚುತ್ತಿದ್ದ.

"ನಾಳೆ ಒಳಗೆ ಹಾಕ್ತೀರಾ ರೊಮೇಡಣ್ಣ?"

"ಹಾಕಬೇಕು. ಆಲಿಕಲ್ಲು ಅಂತಿದಾರೆ."

"ಒಬ್ಬರೇ?"

"ಎರಡು ಕೈ, ಎರಡು ಕಾಲು. ನಾಲ್ಕು ಜನ ಆಯ್ತಲ್ಲ."

ಆಫ್ರಾ ಬೆಣ್ಣೆಯನ್ನು ಬೆಂಚಿನ ಮೇಲಿಟ್ಟಳು. "ನಾಳೆ ಬುರ್ಗಾ ಬರ್ತಾಳೆ. ಸರೋವರಕ್ಕೆ ಹೋಗೋಣ ಅಂತ. ಆಮೇಲೆ ಅವಳಿಗೆ ಹತ್ತೋಕಾಗಲ್ಲ."

"ಹೋಗಿ ಬನ್ನಿ. ಹವೆ ಚೆನ್ನಾಗಿರತ್ತೆ."

"ಹೋದ ವರ್ಷದ್ದು ನಾನು ಮರೆತಿಲ್ಲ. ಎರಡನೇ ಕೊಯ್ಲಿಗೆ ಖಂಡಿತ..."

"ಹೋದ ವರ್ಷ ಏನು?"

"ನಮ್ಮ ಮೇಲಿನ ಹೊಲ. ಪೂರ್ತಿ ನೀವೇ ಮಾಡಿದ್ರಲ್ಲ."

ರೊಮೇಡ್ ಬೂಟಿನೊಳಗಿಂದ ಹುಲ್ಲುಕಡ್ಡಿ ತೆಗೆದು ಬಿಸಾಡಿದ. "ನಾನಾ? ನನಗೇನೂ ಹಾಗೆ ನೆನಪಿಲ್ಲವಲ್ಲಮ್ಮ. ಮೈ ಹಗುರ ಆಗಲಿ ಅಂತ ಒಂದು ಸುತ್ತು ಬಂದಿದ್ದೆ."

ಆಫ್ರಾಗೆ ಆ ಬೂಟನ್ನೇ ಕಿತ್ತುಕೊಂಡು ಅವನ ತಲೆಗೆ ಬಡಿಯಬೇಕೆನಿಸಿತು. ಹೋಗು, ಎರಡನೇ ಕೊಯ್ಲಿಗೆ ಬಾ ಎಂದಿದ್ದರೆ ಅವಳು ಹಗುರಾಗಿ ಹೋಗುತ್ತಿದ್ದಳು. ನಾಳೆಯೇ ಬಾ ಎಂದಿದ್ದರೆ ಒಂದಷ್ಟು ಜಗಳವಾಡಿ ಬರುತ್ತಿದ್ದಳು. ಈ ಮನುಷ್ಯ ಎರಡನ್ನೂ ಅನ್ನಲಿಲ್ಲ. ಇಲ್ಲವೇ ಇಲ್ಲ ಎಂದು ಅವನು ಸಾಧಿಸುವ ಋಣಕ್ಕೆ ಅವಳು ವಾಯಿದೆ ಕೇಳುವುದು ಹೇಗೆ?

"ಬೆಣ್ಣೆ ಯಾಕೆ ತಂದೆ?" ಎಂದು ಅವನು ಹಿಂದಿನಿಂದ ಕೇಳಿದ. ಅವಳು ಆಗಲೇ ಇಳಿಜಾರು ಇಳಿಯುತ್ತಿದ್ದಳು.

ಬುಧವಾರ ಮೊದಲ ಬಸ್ಸಿಗೇ ಬುರ್ಗಾ ಬಂದಳು. ಬೂದು ನಿಲುವಂಗಿಯ ಕೆಳಗೆ ಗಂಡಸರ ಬೂಟು, ಕೈಯಲ್ಲಿ ಕೋಲು, ಬೆನ್ನಿಗೆ ಚೀಲ. ಸರೋವರದ ಬಸ್ಸಿಗೆ ಇನ್ನೂ ಹೊತ್ತಿತ್ತು. ಇಬ್ಬರೂ ನಿಲ್ದಾಣದ ಕಲ್ಲಿನ ಮೇಲೆ ಕೂತರು. ಆಕಾಶ ತೊಳೆದ ಹಾಗಿತ್ತು, ಆದರೆ ಮುಂಜಾನೆಯ ರೇಡಿಯೋ ಮಾತು ಬದಲಿಸಿ, ಆಲಿಕಲ್ಲು ಇವತ್ತು ಸಂಜೆಗೇ ಎಂದಿತ್ತು. ರಸ್ತೆಯ ಆಚೆ ನೇರ ಎದುರಿಗೆ ರೊಮೇಡ್‌ನ ಇಳಿಜಾರು. ಅದರ ನಡುವೆ ಅವನು ಬಾಗಿ, ಎದ್ದು, ಬಾಗಿ ಹುಲ್ಲು ಮಗುಚುತ್ತಿದ್ದ. ಸಾಲು ಮುಗಿದಾಗ ಹಲುಬೆಯ ಮೇಲೆ ಮೈಯೂರಿ ಬಹಳ ಹೊತ್ತು ನಿಲ್ಲುತ್ತಿದ್ದ.

"ಅತ್ತ ನೋಡಬೇಡ," ಎಂದಳು ಬುರ್ಗಾ.

"ನೋಡ್ತಿಲ್ಲ."

"ಮುಖ ರಸ್ತೆ ಕಡೆ ಇಟ್ಕೊಂಡು ಕಣ್ಣಲ್ಲಿ ನೋಡ್ತಿದೀಯ. ಮೇಕೆ ಕಾಯೋವಾಗ್ಲೂ ಹಿಂಗೇ ಮಾಡ್ತಿದ್ದೆ."

ಆಫ್ರಾ ಎಲ್ಲವನ್ನೂ ಹೇಳಿದಳು. ಹೆಗಲ ಮೂಳೆ, ಕಳೆದ ವರ್ಷದ ಹುಲ್ಲು, ನಿನ್ನೆಯ ಬೆಣ್ಣೆ. ಹೇಳುತ್ತ ಹೇಳುತ್ತ ಸಿಟ್ಟು ಏರಿತು. "ಒಂದು ದಿನ ಅಕ್ಕ. ವರ್ಷಕ್ಕೆ ಒಂದು ದಿನ ಕೇಳಿದ್ದು ನಾನು. ಅದಕ್ಕೆ ಬಸ್ಸಿನವರನ್ನ ಕೇಳು, ಮದರ್‌ನ ಕೇಳು, ಮೋಡಾನ ಕೇಳು, ಇನ್ನು ಈ ಮುದುಕನ ಹುಲ್ಲನ್ನೂ ಕೇಳು."

"ಬರಲ್ಲ ಅಂತೀಯ."

"ನೀನೂ ಉಳಿದುಬಿಡು. ಅವನ ಮನೆ ನೆರಳಲ್ಲಿ ಕೂತ್ಕೋ. ಮಾತಾಡ್ಕೊಂಡು..."

"ಇಲ್ಲ ಕಣೆ." ಬುರ್ಗಾ ಕೋಲಿನ ತುದಿಯಿಂದ ಜಲ್ಲಿ ಕೆದಕುತ್ತಿದ್ದಳು. "ನಿನ್ನ ಜೊತೆ ಹೋಗಬೇಕು ಅಂತಿತ್ತು. ನಿನ್ನ ಜೊತೆ ಆಗಲ್ಲ. ಹಾಗಂತ ಬಿಡೋದಕ್ಕೆ ನನಗೆ ಇನ್ನೊಂದು ಬೇಸಿಗೆ ಇಲ್ಲ. ನಾನು ಹೋಗ್ತೀನಿ."

ಅಕ್ಕ ಹಾಗೆ ಅನ್ನಬಹುದೆಂದು ಆಫ್ರಾ ಎಣಿಸಿರಲಿಲ್ಲ. ಅವಳೂ ಉಳಿಯುತ್ತಾಳೆ, ಇಬ್ಬರೂ ಸೇರಿ ರೊಮೇಡ್‌ನನ್ನು ಬೈಯಬಹುದು ಎಂದುಕೊಂಡಿದ್ದಳು.

ಬಸ್ಸು ಬಂತು. ಡ್ರೈವರ್ ಹೆಸರು ನೋಡಿ, "ಇಬ್ಬರು ಅಂತಿದೆ. ಇನ್ನೊಬ್ಬರು?" ಎಂದ.

"ಹುಲ್ಲು," ಎಂದಳು ಬುರ್ಗಾ.

ಅವನೂ ಕಣಿವೆಯವನೇ. ತಲೆಯಾಡಿಸಿ ಬಾಗಿಲು ಮುಚ್ಚಿದ.

ಆಫ್ರಾ ರೊಮೇಡ್‌ನ ದಿಣ್ಣೆ ಹತ್ತಿದಳು. ಅವನು ಗೋಡೆಗೆ ಒರಗಿಸಿದ್ದ ಇನ್ನೊಂದು ಹಲುಬೆಯನ್ನು ಗದ್ದದಲ್ಲೇ ತೋರಿಸಿದ. ಆಫ್ರಾ ಅಂದು ಸಿಟ್ಟಿನಲ್ಲೇ ಹುಲ್ಲು ಮಗುಚಿದಳು, ಸಿಟ್ಟಿನಲ್ಲೇ ಒಟ್ಟುಗೂಡಿಸಿದಳು. ಕಾಲಡಿಯ ಹುಲ್ಲುಬುಡ ಗಾಜಿನಂತೆ ಜಾರುತ್ತಿತ್ತು. ಮಧ್ಯಾಹ್ನ ಅವನು ಗಟ್ಟಿ ರೈ ರೊಟ್ಟಿಯನ್ನೂ ಅವಳದೇ ಬೆಣ್ಣೆಯನ್ನೂ ಮುಂದಿಟ್ಟಾಗ ನಿಂತುಕೊಂಡೇ ತಿಂದಳು. ಒಣಗಿದ್ದನ್ನು ದೊಡ್ಡ ದುಪ್ಪಟಿಗಳಲ್ಲಿ ಕಟ್ಟಿ, ತಲೆಯ ಮೇಲೆ ಹೊತ್ತು, ಅಡ್ಡಡ್ಡ ಹೆಜ್ಜೆ ಇಡುತ್ತ ಕೊಟ್ಟಿಗೆಗೆ ಸಾಗಿಸಿದರು. ಬಂಡೆಗಳ ಹಿಂದೆ ಗುಡುಗು ಶುರುವಾದಾಗ ಇಳಿಜಾರಿನ ಕೊನೆಯ ಮೂಲೆ ಉಳಿದಿತ್ತು. ಮುದುಕ ಒಬ್ಬನೇ ಆಗಿದ್ದರೆ ಅರ್ಧಕ್ಕಿಂತ ಹೆಚ್ಚು ಅಲ್ಲೇ ಬಿದ್ದಿರುತ್ತಿತ್ತು. ಅದು ಇಬ್ಬರಿಗೂ ಕಾಣುತ್ತಿತ್ತು.

ಕೊನೆಯ ಹೊರೆ ಒಳಗೆ ಬಿದ್ದದ್ದೂ ಚಾವಣಿಯ ಮೇಲೆ ಆಲಿಕಲ್ಲು ಸುರಿದದ್ದೂ ಹೆಚ್ಚುಕಡಿಮೆ ಒಟ್ಟಿಗೆ. ಆಫ್ರಾ ಬಾಗಿಲಲ್ಲಿ ನಿಂತು ತಲೆವಸ್ತ್ರ ಬಿಚ್ಚಿ ಕೊಡವಿದಳು.

"ತೀರಿತು ರೊಮೇಡಣ್ಣ."

"ಏನು ತೀರಿತು?"

"ನಿಮಗೆ ಗೊತ್ತು. ಇವತ್ತು ಬಾಯಲ್ಲಿ ಹೇಳಿ. ಹೇಳೋವರೆಗೆ ನಾನು ಇಲ್ಲಿಂದ ಕದಲಲ್ಲ."

ರೊಮೇಡ್ ಹುಲ್ಲಿನ ರಾಶಿಗೆ ಒರಗಿ ಕೂತಿದ್ದ. ಉಸಿರು ಇನ್ನೂ ಹತೋಟಿಗೆ ಬಂದಿರಲಿಲ್ಲ. ಹಲ್ಲು ಕೀಳಿಸಿಕೊಂಡವನ ಹಾಗೆ, "ತೀರಿತು," ಎಂದ. "ಹೋದ ವರ್ಷದ್ದು ತೀರಿತು."

"ನಿನ್ನೆ ಬಂದಾಗ ಒಂದು ಮಾತು ಹೇಳಬಹುದಿತ್ತಲ್ಲ, ಆಮೇಲೆ ಬಾ ಅಂತ."

"ಹೇಳಬಹುದಿತ್ತು." ಅವನು ತನ್ನ ಕೈಗಳನ್ನು ನೋಡಿಕೊಂಡ. "ಹೇಳಿದ್ರೆ ನೀನು ಇವತ್ತು ಬರ್ತಿರಲಿಲ್ಲ."

ಅವಳು ಬೈಯಲೆಂದು ಬಾಯಿ ತೆರೆದಳು. ಆಗ ಕೆಳಗಿನ ರಸ್ತೆಯಲ್ಲಿ ಬಸ್ಸು ತಿರುವು ತೆಗೆದುಕೊಳ್ಳುವ ಸದ್ದು ಕೇಳಿತು. ಖಾಲಿ ದುಪ್ಪಟಿಯೊಂದನ್ನು ತಲೆಗೆ ಹಾಕಿಕೊಂಡು ಓಡಿದಳು.

ಸರೋವರದಿಂದ ಇಳಿಯುವ ಸಂಜೆಯ ಬಸ್ಸು ನೇರ ಪಟ್ಟಣಕ್ಕೆ ಹೋಗುವಂಥದ್ದು. ಮಠದಲ್ಲಿ ರಾತ್ರಿಯ ಪ್ರಾರ್ಥನೆಗೆ ಬುರ್ಗಾ ಇರಲೇಬೇಕು. ಡ್ರೈವರ್ ಆಫ್ರಾ ಓಡಿಬರುವುದನ್ನು ಕಂಡು ಬಾಗಿಲು ತೆರೆದ. ಅವಳು ಮೆಟ್ಟಿಲ ಮೇಲೆ ನಿಂತಳು. ಬುರ್ಗಾ ಮುಂದಿನ ಸೀಟಿನಲ್ಲಿ ತೊಪ್ಪೆಯಾಗಿ, ಒಂದು ಕಾಲು ಮುಂದೆ ಚಾಚಿ ಕೂತಿದ್ದಳು.

"ಹತ್ತಿದೆಯಾ?"

"ಹತ್ತಿದೆ. ಜನವೋ ಜನ. ಅಪ್ಪನ ಗುಡಿಸಲು ಬಿದ್ದುಹೋಗಿದೆ ಕಣೆ, ಒಲೆ ಕಡೆ ಗೋಡೆ ಮಾತ್ರ ಇದೆ." ಅವಳು ಸೊಂಟ ಒತ್ತಿಕೊಂಡಳು. "ಆಪರೇಷನ್‌ಗೆ ಬಾ. ಆಗ ಹುಲ್ಲು ಇರಲ್ಲ ಅಲ್ವಾ?"

"ಇರಲ್ಲ," ಎಂದಳು ಆಫ್ರಾ.

ಡ್ರೈವರ್ ಗಡಿಯಾರ ನೋಡಿದ. ಅವಳು ಮೆಟ್ಟಿಲಿನಿಂದ ಕೆಳಗಿಳಿದಳು.